ತಪ್ಪು ಮಾಡಿದ ಸಿಬ್ಬಂದಿಯನ್ನು ಕೆಲಸದಿಂದ ತೆಗೆದರೆ ಆಸ್ಪತ್ರೆ ಸರಿಹೋಗುತ್ತದೆಯೇ?

‘ತಪ್ಪು ಇಂಜೆಕ್ಷನ್ ಕೊಟ್ಟ ನರ್ಸನ್ನು ಇಂದೇ ಮನೆಗೆ ಕಳಿಸಿ. ನಾಲ್ಕು ಜನರಿಗೆ ಹೀಗೆ ಮಾಡಿದರೆ ಎಲ್ಲಾ ಆಸ್ಪತ್ರೆಗಳೂ ಸರಿಹೋಗುತ್ತವೆ. ಎಲ್ಲರಿಗೂ ಶೇರ್ ಮಾಡಿ.’ ಈ ಅರ್ಥದ ಸಂದೇಶಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ಬರುತ್ತಿರುತ್ತವೆ. ಕೆಲವೊಮ್ಮೆ ಜೊತೆಗೆ ಆ ಸಿಬ್ಬಂದಿಯ ಫೋಟೋ ಕೂಡ ಇರುತ್ತದೆ.

ನಮ್ಮವರ ಜೀವಕ್ಕೆ ತೊಂದರೆಯಾದಾಗ ಸಿಟ್ಟು ಬರುವುದು ಸಹಜ. ಆದರೆ ಒಬ್ಬರನ್ನು ತೆಗೆದುಹಾಕಿದರೆ ಮುಂದಿನ ರೋಗಿ ಸುರಕ್ಷಿತವಾಗುತ್ತಾರೆಯೇ? ಬನ್ನಿ, ನೋಡೋಣ.

ತಪ್ಪು ಹೇಗೆ ಆಗುತ್ತದೆ?

ಪೊಟ್ಯಾಶಿಯಂ ಕ್ಲೋರೈಡ್ ಎಂಬ ಔಷಧಿಯನ್ನೇ ತೆಗೆದುಕೊಳ್ಳಿ. ದೇಹದಲ್ಲಿ ಪೊಟ್ಯಾಶಿಯಂ ಕಡಿಮೆಯಾದವರಿಗೆ ಇದನ್ನು ಡ್ರಿಪ್‌ನಲ್ಲಿ ಬೆರೆಸಿ ನಿಧಾನವಾಗಿ ಕೊಡುತ್ತಾರೆ. ಬೆರೆಸದೆ ನೇರವಾಗಿ ರಕ್ತನಾಳಕ್ಕೆ ಚುಚ್ಚಿದರೆ ಹೃದಯವೇ ನಿಂತುಹೋಗಬಹುದು. ಆದರೆ ನೋಡಲು ಇದು ನೀರಿನಂತೆ ತಿಳಿ. ಸಲೈನ್ ಸೀಸೆಯ ಪಕ್ಕದಲ್ಲೇ ಇಟ್ಟಿದ್ದರೆ, ರಾತ್ರಿ ಪಾಳಿಯಲ್ಲಿ ಓಡಾಡಿ ಸುಸ್ತಾದ ಯಾರ ಕೈಯಾದರೂ ತಪ್ಪಬಹುದು.

ಆ ನರ್ಸ್ ಕೆಲಸ ಕಳೆದುಕೊಂಡರೂ ಎರಡು ಸೀಸೆಗಳು ಅದೇ ಟ್ರೇಯಲ್ಲಿ ಉಳಿಯುತ್ತವೆ. ನಾಳೆ ಅದೇ ಟ್ರೇಗೆ ಇನ್ನೊಬ್ಬರು ಕೈ ಹಾಕುತ್ತಾರೆ. ಹಾಗಾಗಿಯೇ ಅಮೆರಿಕದಲ್ಲಿ ಆಸ್ಪತ್ರೆಗಳ ಗುಣಮಟ್ಟ ಪರಿಶೀಲಿಸುವ ಜಾಯಿಂಟ್ ಕಮಿಷನ್ 1998ರಲ್ಲಿ, ಈ ಗಾಢ ದ್ರಾವಣವನ್ನು ವಾರ್ಡುಗಳಲ್ಲಿ ಇಡಲೇಬೇಡಿ ಎಂದು ಎಚ್ಚರಿಸಿತು. ಸೀಸೆಯೇ ವಾರ್ಡಿನಲ್ಲಿ ಇಲ್ಲದಿದ್ದರೆ ಕೈತಪ್ಪಿ ಚುಚ್ಚುವ ಮಾತೇ ಬರುವುದಿಲ್ಲ.

ಬ್ರಿಟನ್ನಿನ ಮನಃಶಾಸ್ತ್ರಜ್ಞ ಜೇಮ್ಸ್ ರೀಸನ್ ಇದನ್ನು ತೂತಿರುವ ಚೀಸ್ ಹೋಳುಗಳಿಗೆ ಹೋಲಿಸಿದರು. ಎಲ್ಲರ ಮನೆ ದೋಸೆಯೂ ತೂತೇ ಎನ್ನುವ ನಮಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಹಲವು ದೋಸೆಗಳನ್ನು ಒಂದರ ಮೇಲೊಂದು ಇಟ್ಟರೆ ಒಂದರ ತೂತನ್ನು ಇನ್ನೊಂದು ಮುಚ್ಚುತ್ತದೆ. ಎಲ್ಲಾ ತೂತುಗಳೂ ಒಂದೇ ಸಾಲಿಗೆ ಬಂದ ದಿನ ಅನಾಹುತವಾಗುತ್ತದೆ. ಅಂದು ನಮಗೆ ಕಾಣುವುದು ಕೊನೆಯ ದೋಸೆ, ಅಂದರೆ ಸಿರಿಂಜ್ ಹಿಡಿದ ವ್ಯಕ್ತಿ ಮಾತ್ರ.

ಭಯ ಏನು ಮಾಡುತ್ತದೆ?

ಹಾರ್ವರ್ಡ್‌ನ ಏಮಿ ಎಡ್ಮಂಡ್ಸನ್ ಆಸ್ಪತ್ರೆಗಳ ನರ್ಸಿಂಗ್ ತಂಡಗಳಲ್ಲಿ ಔಷಧಿ ನೀಡುವಾಗಿನ ತಪ್ಪುಗಳನ್ನು ಅಧ್ಯಯನ ಮಾಡಿ 1996ರಲ್ಲಿ ಪ್ರಕಟಿಸಿದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರುತ್ತದೆ ಎಂದು ಅವರು ಅಂದುಕೊಂಡಿದ್ದರು. ಆದರೆ ಚೆನ್ನಾಗಿ ನಡೆಯುತ್ತಿದ್ದ ತಂಡಗಳಲ್ಲೇ ದಾಖಲಾದ ತಪ್ಪುಗಳು ಹೆಚ್ಚಿದ್ದವು!

ಕಾರಣ ಸರಳ. ಆ ತಂಡಗಳಲ್ಲಿ ತಪ್ಪನ್ನು ಬಾಯಿಬಿಟ್ಟು ಹೇಳಲು ಹೆದರಿಕೆ ಇರಲಿಲ್ಲ. ಬೈಗುಳಕ್ಕೆ ಹೆದರುವ ಕಡೆ ತಪ್ಪು ನಡೆಯುತ್ತದೆ, ಆದರೆ ಪುಸ್ತಕಕ್ಕೆ ಏರುವುದಿಲ್ಲ. ರೋಗಿಗೆ ತಪ್ಪು ಔಷಧಿ ಹೋದ ತಕ್ಷಣ ಡಾಕ್ಟರಿಗೆ ತಿಳಿಸಿದರೆ ಜೀವ ಉಳಿಸಬಹುದಾದ ಸಂದರ್ಭಗಳಿವೆ. ಕೆಲಸ ಹೋಗುವ ಭಯದಲ್ಲಿ ಸುಮ್ಮನಿದ್ದರೆ ಆ ಅವಕಾಶವೂ ಕೈತಪ್ಪುತ್ತದೆ.

ಬರೀ ಗುರಿ ಕೊಟ್ಟರೆ ಸಾಕೇ?

ಇಂಗ್ಲೆಂಡಿನಲ್ಲಿ ತುರ್ತು ವಿಭಾಗಕ್ಕೆ ಬಂದವರನ್ನು 4 ಗಂಟೆಯೊಳಗೆ ದಾಖಲಿಸಬೇಕು ಇಲ್ಲವೇ ಮನೆಗೆ ಕಳಿಸಬೇಕು ಎಂಬ ಗುರಿ ಜಾರಿಗೆ ಬಂತು. ಕಾಯುವ ಸಮಯವೇನೋ ಕಡಿಮೆಯಾಯಿತು. ಜೊತೆಗೆ 4 ಗಂಟೆ ತುಂಬುವ ಮುಂಚಿನ ಕೆಲವೇ ನಿಮಿಷಗಳಲ್ಲಿ ರೋಗಿಗಳನ್ನು ಸಾಗಿಸುವುದೂ ಹೆಚ್ಚಾಯಿತು. ಅಳತೆ ಬೇಕು ನಿಜ. ಆದರೆ ಗಡಿಯಾರವನ್ನೇ ಅಳೆದರೆ ಸಿಬ್ಬಂದಿ ಗಡಿಯಾರಕ್ಕೇ ಕೆಲಸ ಮಾಡುತ್ತಾರೆ.

ಹಾಗಾದರೆ ಯಾವುದು ಕೆಲಸ ಮಾಡುತ್ತದೆ?

ಅಮೆರಿಕದ ಮಿಷಿಗನ್ ರಾಜ್ಯದ ನೂರಕ್ಕೂ ಹೆಚ್ಚು ಐಸಿಯುಗಳಲ್ಲಿ, ದೊಡ್ಡ ರಕ್ತನಾಳಕ್ಕೆ ಹಾಕುವ ನಳಿಕೆಯಿಂದ ಆಗುವ ಸೋಂಕನ್ನು ತಡೆಯಲು ಡಾ. ಪೀಟರ್ ಪ್ರೊನೊವೋಸ್ಟ್ ತಂಡ ಒಂದು ಕಾರ್ಯಕ್ರಮ ನಡೆಸಿತು. ಕೈ ತೊಳೆಯುವುದು, ಚರ್ಮಕ್ಕೆ ಸೋಂಕುನಿವಾರಕ ಹಚ್ಚುವುದು, ಬೇಡವಾದ ನಳಿಕೆಯನ್ನು ಬೇಗ ತೆಗೆಯುವುದು ಸೇರಿದಂತೆ 5 ಅಂಶಗಳನ್ನು ಪಾಲಿಸಬೇಕಿತ್ತು. ಬೇಕಾದ ಸಾಮಗ್ರಿಯೆಲ್ಲ ಒಂದೇ ಗಾಡಿಯಲ್ಲಿ ಕೈಗೆ ಸಿಗುತ್ತಿತ್ತು. ಡಾಕ್ಟರ್ ಒಂದು ಹಂತ ಬಿಟ್ಟರೆ ತಡೆಯುವ ಅಧಿಕಾರ ನರ್ಸಿಗೆ ಇತ್ತು. ಪ್ರತಿ ತಂಡಕ್ಕೂ ಅದರ ಸೋಂಕಿನ ಲೆಕ್ಕವನ್ನು ಆಗಾಗ ತೋರಿಸಲಾಗುತ್ತಿತ್ತು.

2006ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ನಳಿಕೆ ಬಳಸಿದ ಪ್ರತಿ 1000 ದಿನಗಳಿಗೆ ಸರಾಸರಿ 7.7 ಇದ್ದ ಸೋಂಕು 18 ತಿಂಗಳಲ್ಲಿ 1.4ಕ್ಕೆ ಇಳಿಯಿತು. ಕೆಲಸದ ರೀತಿ ಬದಲಾದದ್ದೇ ಇದಕ್ಕೆ ಕಾರಣ.

ಹಾಗಾದರೆ ಯಾರಿಗೂ ಶಿಕ್ಷೆ ಬೇಡವೇ?

ಬೇಕು. ಆದರೆ ಎಲ್ಲ ತಪ್ಪೂ ಒಂದೇ ಅಲ್ಲ. ‘ನ್ಯಾಯಯುತ ಕೆಲಸದ ವಾತಾವರಣ’ ಎಂಬ ಪದ್ಧತಿ ತಪ್ಪುಗಳನ್ನು ಹೀಗೆ ವಿಂಗಡಿಸುತ್ತದೆ:

• ಕೈತಪ್ಪಿ ಆದದ್ದು: ಧೈರ್ಯ ಹೇಳಿ, ತಪ್ಪಿಗೆ ಎಡೆಮಾಡಿದ ವ್ಯವಸ್ಥೆಯನ್ನು ಸರಿಪಡಿಸಬೇಕು.
• ಅವಸರಕ್ಕೆ ಅಡ್ಡದಾರಿ ಹಿಡಿದದ್ದು: ಅಪಾಯ ಏನೆಂದು ತಿಳಿಹೇಳಿ, ತರಬೇತಿ ಕೊಡಬೇಕು.
• ಗೊತ್ತಿದ್ದೂ ಲೆಕ್ಕಿಸದೆ ಮಾಡಿದ್ದು: ಕುಡಿದು ಡ್ಯೂಟಿಗೆ ಬರುವುದು, ದಾಖಲೆ ತಿದ್ದುವುದು ಇಂಥವಕ್ಕೆ ಶಿಕ್ಷೆಯೇ ಸರಿ.

ನಾವು ಏನು ಮಾಡಬಹುದು?

ಇಂಜೆಕ್ಷನ್ ಕೊಡುವ ಮುಂಚೆ ‘ಇದು ಯಾವ ಔಷಧಿ, ಯಾತಕ್ಕೆ?’ ಎಂದು ಸಮಾಧಾನವಾಗಿ ಕೇಳಿ. ರೋಗಿಯ ಹೆಸರು ಮತ್ತು ಅಲರ್ಜಿಯನ್ನು ನೀವೇ ಹೇಳಿ. ನೀವೂ ಒಂದು ದೋಸೆಯ ತೂತು ಮುಚ್ಚಿದಂತೆ.

ಅನ್ಯಾಯವಾಗಿದೆ ಎನಿಸಿದರೆ ಲಿಖಿತ ದೂರು ಕೊಡಿ. ಕರ್ನಾಟಕದಲ್ಲಿ ಖಾಸಗಿ ಆಸ್ಪತ್ರೆಗಳ ಬಗ್ಗೆ ಕೆಪಿಎಂಇ ಕಾಯ್ದೆಯಡಿ ಜಿಲ್ಲಾ ಪ್ರಾಧಿಕಾರಕ್ಕೆ, ವೈದ್ಯರ ನಿರ್ಲಕ್ಷ್ಯದ ಬಗ್ಗೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಸಲ್ಲಿಸಬಹುದು. ದೂರಿನಲ್ಲಿ ‘ಯಾರು ಮಾಡಿದರು’ ಎಂಬುದರ ಜೊತೆಗೆ ‘ಇದು ಮತ್ತೆ ಆಗದಂತೆ ಏನು ಬದಲಾಯಿಸುತ್ತೀರಿ’ ಎಂದೂ ಕೇಳಿ.

ಕೊನೆಯ ಮಾತು: ‘ಒಬ್ಬರನ್ನು ತೆಗೆದರೆ ಆಸ್ಪತ್ರೆ ಸರಿಹೋಗುತ್ತದೆ’ ಎಂಬುದು ತಪ್ಪು ತಿಳಿವಳಿಕೆ. ಅಂಥ ಸಂದೇಶ ಬಂದರೆ, ವಿಚಾರಣೆ ಮುಗಿಯುವ ಮುನ್ನ ಯಾರದೇ ಫೋಟೋ ಮುಂದಕ್ಕೆ ಕಳಿಸಬೇಡಿ.