ಸಮುದ್ರಕ್ಕೆ ತೆರೆದ ನಲ್ಲಿ

ಮನೆಯ ಓವರ್‌ಹೆಡ್ ಟ್ಯಾಂಕಿನ ಗೇಟ್ ವಾಲ್ವ್ ತಿರುಗಿಸಿ ಎಷ್ಟು ವರ್ಷವಾಯಿತೆಂದು ನೆನಪಾಗುವುದು ಬಾತ್‌ರೂಮಿನ ಪೈಪು ಒಡೆದ ದಿನವೇ. ಪ್ಲಂಬರ್ ಸ್ಪ್ಯಾನರ್ ಹಾಕಿ ಜಗ್ಗುತ್ತಾನೆ, ಹಿಡಿಕೆ ಕೈಗೇ ಕಿತ್ತು ಬರುತ್ತದೆ. ಹೆಚ್ಚೆಂದರೆ ಒಂದು ಟ್ಯಾಂಕ್ ನೀರು ಹೋದೀತು. ಹಾಯಿದೋಣಿಯಲ್ಲಿ ಇದೇ ಕಥೆಯಾದರೆ ಪೈಪಿನ ಆ ತುದಿಯಲ್ಲಿರುವುದು ಸಮುದ್ರ.

ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ, ಸೌತಾಂಪ್ಟನ್ ಪಕ್ಕದ ಹ್ಯಾಂಬಲ್ ನದಿಯ ದಡದಲ್ಲಿ, ಚಳಿಗಾಲ ಬಂತೆಂದರೆ ಎಷ್ಟೋ ದೋಣಿಗಳು ಕ್ರೇನ್ ಹತ್ತಿ ನೆಲಕ್ಕೆ ಬರುತ್ತವೆ. ಮತ್ತೆ ನೀರಿಗಿಳಿಯುವ ಮುಂಚೆ ಮಾಲೀಕರು ಗೊಣಗುತ್ತ ಮಾಡುವ ಕೆಲಸವೆಂದರೆ ಸೀಕಾಕ್ ಬಿಡಿಸುವುದು. ಎಂಜಿನ್ ತಣಿಸುವ ನೀರು ಒಳಬರಲು, ಸಿಂಕಿನದು ಹೊರಹೋಗಲು ದೋಣಿಯ ತಳದಲ್ಲಿ ತೂತುಗಳಿರುತ್ತವೆ. ಅವನ್ನು ಕಾಯುವ ಕವಾಟವೇ ಸೀಕಾಕ್. ನೀರಿನ ಮಟ್ಟದಿಂದ ಅರ್ಧ ಮೀಟರ್ ಕೆಳಗೆ ಒಂದೂವರೆ ಇಂಚಿನ ಹೋಸ್ ಕಳಚಿಕೊಂಡರೆ ನಿಮಿಷಕ್ಕೆ ನೂರು ಲೀಟರಿಗೂ ಹೆಚ್ಚು ನೀರು ನುಗ್ಗುತ್ತದೆ. ಆಗ ಕವಾಟ ಮುಚ್ಚಲೇಬೇಕು, ಅದು ಕಚ್ಚಿಕೊಂಡಿದ್ದರೆ?

ಕಚ್ಚಿಕೊಳ್ಳುವುದೇನೂ ರಹಸ್ಯವಲ್ಲ. ತೆರೆದಿಟ್ಟು ಮರೆತುಬಿಟ್ಟರೆ ಗ್ರೀಸ್ ತೊಳೆದುಹೋಗುತ್ತದೆ, ಲೋಹಕ್ಕೆ ಕಿಲುಬು ಹತ್ತುತ್ತದೆ, ಒಳಗೆ ಚಿಪ್ಪಿನ ಜೀವಿಗಳು ಸಂಸಾರ ಹೂಡುತ್ತವೆ. ಬಿಡಿಸಲು ಹೊರಟವರು ಮೊದಲು ಮಾಡುವ ತಪ್ಪು, ಹಿಡಿಕೆಗೆ ಉದ್ದನೆಯ ಪೈಪು ತೂರಿಸಿ ಮೈಭಾರ ಹಾಕುವುದು. ದೋಣಿ ನೀರಲ್ಲಿರುವಾಗ ಹೀಗೆ ಮಾಡಿ ಹಿಡಿಕೆಯ ಕಡ್ಡಿ ಮುರಿದುಕೊಂಡರೆ, ಅಥವಾ ಇಡೀ ಕವಾಟವೇ ತಳದಿಂದ ಕಿತ್ತುಬಂದರೆ, ರಿಪೇರಿಗೆ ಹೋದವರೇ ದೋಣಿ ಮುಳುಗಿಸಿದಂತೆ.

ಬ್ಲೇಕ್ಸ್ ಎಂಬ ಹಳೆಯ ಮಾದರಿಯದು ನನಗೆ ಇಷ್ಟ. ಒಳಗೆ ಶಂಕುವಿನಾಕಾರದ ಲೋಹದ ತುಂಡು, ಅದನ್ನು ಒತ್ತಿ ಹಿಡಿಯಲು ಮೇಲೊಂದು ಪಟ್ಟಿ, ಎರಡು ಬೋಲ್ಟು. ದೋಣಿ ನೆಲದ ಮೇಲಿರುವಾಗ ಬೋಲ್ಟು ಸಡಿಲಿಸಿ, ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿ ಬಿಡಬೇಕು. ಬೆಳಿಗ್ಗೆ ಹೊರಮೈಗೆ ಕುದಿಯುವ ನೀರು ಸುರಿದರೆ ಒಳಗಿನ ಶಂಕು ಬಿಸಿಯಾಗುವ ಮೊದಲೇ ಹೊರಗಿನ ಕವಚ ಹಿಗ್ಗುತ್ತದೆ. ಆ ಗಳಿಗೆಯಲ್ಲಿ ಹೊರಗಿನ ತೂತಿನಿಂದ ಮರದ ಕೋಲು ತೂರಿಸಿ ಮೆಲ್ಲಗೆ ಬಡಿದರೆ ಟಕ್ ಎಂದು ಸದ್ದು, ಶಂಕು ಎದ್ದಿತು. ಉಜ್ಜುವ ಪೇಸ್ಟ್ ಸವರಿ, ಅತ್ತ ಇತ್ತ ತಿರುಗಿಸಿ, ಮೈಯೆಲ್ಲ ಒಂದೇ ಬೂದುಬಣ್ಣಕ್ಕೆ ಬಂದ ಮೇಲೆ ಪೇಸ್ಟ್ ಪೂರ್ತಿ ಒರೆಸಿ ಗ್ರೀಸ್ ಹಚ್ಚಿದರೆ ಹೊಸದರ ಹಾಗೆ ತಿರುಗುತ್ತದೆ. ಗುಂಡು ತಿರುಗುವ ಬಾಲ್ ವಾಲ್ವಿಗೆ ಈ ಸೌಭಾಗ್ಯವಿಲ್ಲ, ಬಹುತೇಕ ಬಿಚ್ಚಲಾಗುವುದಿಲ್ಲ. ಎಣ್ಣೆ, ಬಿಸಿ, ಕೂದಲೆಳೆಯಷ್ಟು ಹಿಂದೆ, ಕೂದಲೆಳೆಯಷ್ಟು ಮುಂದೆ; ಬರದಿದ್ದರೆ ಕಿತ್ತು ಹೊಸದು ಹಾಕುವುದೇ ಮೇಲು.

ಹಾಗೆಂದು ಸರಾಗವಾಗಿ ತಿರುಗುವುದನ್ನೂ ನಂಬುವಂತಿಲ್ಲ. ಕವಾಟದ ಲೋಹವನ್ನು ಚಾಕುವಿನ ಮೊನೆಯಿಂದ ಕೆರೆದಾಗ ಒಳಗೆ ಹಳದಿ ಹೊಳೆದರೆ ಸರಿ. ಗುಲಾಬಿ ಕಂಡರೆ ಹಿತ್ತಾಳೆಯೊಳಗಿನ ಸತುವನ್ನು ಉಪ್ಪುನೀರು ತಿಂದು ಮುಗಿಸಿದೆ, ಉಳಿದಿರುವುದು ಜಳ್ಳು ತಾಮ್ರ. ನಿಜವಾದ ಅಪಾಯ ಕಚ್ಚಿಕೊಂಡ ಕವಾಟಕ್ಕಿಂತ ಇದರಲ್ಲೇ ಹೆಚ್ಚು. ಬೆಣ್ಣೆಯಂತೆ ತಿರುಗುತ್ತಿರುವಾಗ ಯಾರು ಕೆರೆದು ನೋಡುತ್ತಾರೆ? ಕಂಚಿನದು, ಇಲ್ಲವೇ ಗಾಜಿನೆಳೆ ಬೆರೆಸಿದ ನೈಲಾನಿನದು ತಂದು ಕೂರಿಸಬೇಕು.

ಹೊಸದು ಕೂರಿಸಿದ ಮೇಲೂ ಅನುಭವಸ್ಥರು ಪ್ರತಿ ಸೀಕಾಕಿನ ಕುತ್ತಿಗೆಗೆ, ಕವಾಟ ಕೈಕೊಟ್ಟರೆ ತೂತಿಗೆ ಜಡಿಯಲೆಂದು, ಮೆದು ಮರದ ಬಿರಡೆಯೊಂದನ್ನು ದಾರದಲ್ಲಿ ಕಟ್ಟುತ್ತಾರೆ. ಕತ್ತಲಲ್ಲಿ, ಮೊಣಕಾಲುದ್ದ ನೀರಲ್ಲಿ ನಿಂತು ಅದನ್ನು ಹುಡುಕುವಂತಾಗಬಾರದಲ್ಲ.