ನಂಜನಗೂಡಿನ ‘ಆಟಗಾರ ವಿನಿಮಯ’: ಗೆದ್ದವರಾರು, ತೆತ್ತವರಾರು?

ಉತ್ತರ ಅಮೆರಿಕದ ಐಸ್ ಹಾಕಿ ಲೀಗಿನಲ್ಲಿ ಒಂದು ವಾಡಿಕೆಯಿದೆ. ಪ್ರಶಸ್ತಿಯ ಹೊಸ್ತಿಲಲ್ಲಿರುವ ತಂಡವು ಸೋತು ಸೊರಗಿದ ತಂಡದಿಂದ ಪಳಗಿದ ಆಟಗಾರನನ್ನು ಪಡೆಯುತ್ತದೆ. ಬದಲಿಗೆ ಎಳೆಯ ಪ್ರತಿಭೆಗಳನ್ನೋ, ಮುಂದೆ ಹೊಸಬರನ್ನು ಆಯ್ದುಕೊಳ್ಳುವ ಸರದಿಯನ್ನೋ ಬಿಟ್ಟುಕೊಡುತ್ತದೆ. ಒಬ್ಬರಿಗೆ ಇಂದಿನ ಗೆಲುವು, ಇನ್ನೊಬ್ಬರಿಗೆ ನಾಳೆಯ ತಂಡ. ಮೈಸೂರು ಜಿಲ್ಲೆಯ ರಾಜಕಾರಣದಲ್ಲೂ 2017ರಲ್ಲಿ ಇಂಥದ್ದೊಂದು ವರ್ಗಾವಣೆ ನಡೆಯಿತು. ಆದರೆ ಅಲ್ಲಿ ಕೊಟ್ಟವರಿಗೆ ಪ್ರತಿಫಲದ ಖಾತ್ರಿ ಇರಲಿಲ್ಲ.

2016ರ ಜೂನ್‌ನಲ್ಲಿ ಸಚಿವ ಸ್ಥಾನ ಕಳೆದುಕೊಂಡ ವಿ. ಶ್ರೀನಿವಾಸ ಪ್ರಸಾದ್, ನಂಜನಗೂಡು ಶಾಸಕ ಸ್ಥಾನಕ್ಕೆ ರಾಜೀನಾಮೆಯಿತ್ತು ಬಿಜೆಪಿ ಸೇರಿದರು. ಉಪಚುನಾವಣೆಗೆ ಆಡಳಿತಾರೂಢ ಕಾಂಗ್ರೆಸ್ ಆಯ್ದುಕೊಂಡದ್ದು ಕಳಲೆ ಎನ್. ಕೇಶವಮೂರ್ತಿ ಅವರನ್ನು. 2013ರಲ್ಲಿ ಜೆಡಿಎಸ್ ಅಭ್ಯರ್ಥಿಯಾಗಿ ಪ್ರಸಾದ್ ಅವರಿಗೆ ಸೋತು ಎರಡನೇ ಸ್ಥಾನ ಪಡೆದಿದ್ದವರು ಅವರೇ. ಜೆಡಿಎಸ್ ಕಣದಿಂದಲೇ ದೂರ ಉಳಿಯಿತು. 2017ರ ಏಪ್ರಿಲ್‌ನಲ್ಲಿ ಕೇಶವಮೂರ್ತಿ 21 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು.

1985ರ ಪಕ್ಷಾಂತರ ನಿಷೇಧ ಕಾನೂನು ಅನ್ವಯಿಸುವುದು ಶಾಸಕರು ಮತ್ತು ಸಂಸದರಿಗೆ ಮಾತ್ರ. ಸೋತ ಅಭ್ಯರ್ಥಿ ಪಕ್ಷ ಬದಲಿಸಲು ಅಡ್ಡಿಯಿಲ್ಲ. ಬಿಟ್ಟುಕೊಟ್ಟ ಪಕ್ಷಕ್ಕೆ ಪರಿಹಾರವೂ ಇಲ್ಲ. 2016ರ ರಾಜ್ಯಸಭಾ ಚುನಾವಣೆಯ ಅಡ್ಡಮತದಾನದ ಬಳಿಕ 8 ಶಾಸಕರನ್ನು ಅಮಾನತುಗೊಳಿಸಿ, ತನ್ನ ಮನೆಯನ್ನೇ ಮರಳಿ ಕಟ್ಟಿಕೊಳ್ಳಬೇಕಿದ್ದ ಜೆಡಿಎಸ್‌ಗೆ ಇದು ಸಣ್ಣ ನಷ್ಟವಲ್ಲ.

ಗೆಲುವಿನ ಆಯುಷ್ಯವಾದರೂ ಎಷ್ಟು? 2018ರಲ್ಲಿ ಕೇಶವಮೂರ್ತಿ ಅವರನ್ನು ಸೋಲಿಸಿದ್ದು ಪ್ರಸಾದ್ ಅವರ ಅಳಿಯ, ಬಿಜೆಪಿಯ ಬಿ. ಹರ್ಷವರ್ಧನ್. ಹಿಂದೊಮ್ಮೆ ಎರಡನೆಯದಾಗಿದ್ದ ಜೆಡಿಎಸ್ ಮುಖ್ಯ ಪೈಪೋಟಿಯಲ್ಲೇ ಇರಲಿಲ್ಲ. ಆದರೆ ನಂಜನಗೂಡನ್ನು ದಾಟಿದ ಕಪಿಲೆ ಕಾವೇರಿಯನ್ನು ಕೂಡುವ ತಿ. ನರಸೀಪುರದಲ್ಲಿ ಅದೇ ವರ್ಷ ಜೆಡಿಎಸ್‌ನ ಎಂ. ಅಶ್ವಿನ್ ಕುಮಾರ್, ಲೋಕೋಪಯೋಗಿ ಸಚಿವರಾಗಿದ್ದ ಎಚ್.ಸಿ. ಮಹದೇವಪ್ಪ ಅವರನ್ನೇ ಮಣಿಸಿದರು.

ಕಾಂಗ್ರೆಸ್ 2023ರಲ್ಲಿ ಹೊರಗಿನಿಂದ ಆಟಗಾರನನ್ನು ತರಲಿಲ್ಲ. ನಂಜನಗೂಡಿನ ಟಿಕೆಟ್ ಆಕಾಂಕ್ಷಿಯಾಗಿದ್ದ ಮಾಜಿ ಸಂಸದ ಆರ್. ಧ್ರುವನಾರಾಯಣ ಆ ವರ್ಷದ ಮಾರ್ಚ್‌ನಲ್ಲಿ ನಿಧನರಾದಾಗ, ಅದೇ ಟಿಕೆಟ್ ಬಯಸಿದ್ದ ಮಹದೇವಪ್ಪ, ಧ್ರುವನಾರಾಯಣ ಅವರ ಪುತ್ರ ದರ್ಶನ್‌ಗೆ ದಾರಿ ಬಿಟ್ಟು ತಿ. ನರಸೀಪುರಕ್ಕೆ ಮರಳಿದರು. ಹಳಬರು, ಹೊಸಬರು ಇಬ್ಬರೂ ಗೆದ್ದರು.

ಎರಡೂ ಪರಿಶಿಷ್ಟ ಜಾತಿ ಮೀಸಲು ಕ್ಷೇತ್ರಗಳು. ಎರವಲು ಅಭ್ಯರ್ಥಿ ನಂಜನಗೂಡಿನಲ್ಲಿ ತಂದದ್ದು ಸುಮಾರು ಒಂದು ವರ್ಷದ ಶಾಸಕ ಸ್ಥಾನ. ಆಟಗಾರ ತಂಡ ಬದಲಿಸಿದರೂ ಅಭಿಮಾನಿಗೆ ತನ್ನ ತಂಡ ಕಣದಲ್ಲಿರುತ್ತದೆ. 2013ರಲ್ಲಿ ಜೆಡಿಎಸ್‌ಗೆ ಮತ ಹಾಕಿದ್ದ ನಂಜನಗೂಡಿನ ಮತದಾರನಿಗೆ 2017ರಲ್ಲಿ ಆ ಪಕ್ಷದ ಚಿಹ್ನೆಯೇ ಮತಯಂತ್ರದಲ್ಲಿ ಇರಲಿಲ್ಲ. ಈ ವಿನಿಮಯದ ಲೆಕ್ಕ ಹಾಕುವಾಗ ಸಾಮಾನ್ಯವಾಗಿ ಬಿಟ್ಟುಹೋಗುವ ಬಾಬತ್ತು ಅದೇ.