ಖಡಕ್ ರೊಟ್ಟಿಯ ಲೆಕ್ಕ: ಭೀಮಾ ತೀರದ ಲಾಡ್ಜಿಗೆ ಖಾನಾವಳಿಯ ಪಾಠ

ಪರಿಸರಸ್ನೇಹಿ ಹೋಟೆಲ್ ಅಂದರೆ ಸಾಕು, ನಮಗೆ ಕಬಿನಿ, ಕೊಡಗು, ಮಲೆನಾಡು ನೆನಪಾಗುತ್ತವೆ. 1980ರಲ್ಲಿ ಸರ್ಕಾರದ ಜಂಗಲ್ ಲಾಡ್ಜಸ್ ಹುಟ್ಟಿದಾಗಿನಿಂದ ಕಾಡಂಚಿನ ಕಾಟೇಜೇ ಹಸಿರು ವಸತಿಯ ಮಾದರಿಯಾಗಿ ಕೂತಿದೆ. ಆದರೆ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಯ ಬಯಲಿನಲ್ಲಿ ಕಾಡಿಲ್ಲ. ಬೇಸಿಗೆಯಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ. ಆದರೂ ಜನ ಬರುತ್ತಾರೆ. ಭೀಮಾ-ಅಮರ್ಜಾ ಸಂಗಮದ ದತ್ತಕ್ಷೇತ್ರ ಗಾಣಗಾಪುರಕ್ಕೆ ಹುಣ್ಣಿಮೆಗೆ, ದತ್ತ ಜಯಂತಿಗೆ ಮಹಾರಾಷ್ಟ್ರದಿಂದಲೂ ಭಕ್ತರು ಕಿಕ್ಕಿರಿಯುತ್ತಾರೆ. ಘತ್ತರಗಿಯ ಭಾಗ್ಯವಂತಿ ಗುಡಿಗೂ, ಆಳಂದದ ಲಾಡ್ಲೆ ಮಶಾಕ ದರ್ಗಾಕ್ಕೂ ದಟ್ಟಣೆ ಇದ್ದೇ ಇದೆ. ಇವರಿಗೆಲ್ಲ ಉಳಿಯಲು ಕೋಣೆ ಬೇಕು, ಉಣ್ಣಲು ಊಟ ಬೇಕು, ಮೀಯಲು ನೀರು ಬೇಕು. ಹಾಗಾಗಿ ಹಸಿರು ಹೋಟೆಲಿನ ಮಾತು ಮೊದಲು ಆಗಬೇಕಾದದ್ದು ಇಲ್ಲಿ. ಅದಕ್ಕೆ ಬೇಕಾದ ಅರ್ಧ ಜಾಣತನ ಈ ಸೀಮೆಯ ಖಾನಾವಳಿಯಲ್ಲೇ ಇದೆ ಎಂಬುದು ನನ್ನ ವಾದ.

ಖಾನಾವಳಿಯ ತಟ್ಟೆಯನ್ನೇ ನೋಡಿ. ಬಿಳಿಜೋಳ ಹಿಂಗಾರಿ ಬೆಳೆ. ಮಳೆ ಹಿಂದಾದ ಮೇಲೆ ಎರೆಭೂಮಿಯಲ್ಲಿ ಉಳಿದ ಹಸಿಯನ್ನೇ ನಂಬಿ, ಬಹುಪಾಲು ನೀರಾವರಿಯ ಹಂಗಿಲ್ಲದೆ ಬರುತ್ತದೆ. ಅದರ ಪಕ್ಕದ ಬ್ಯಾಳಿಗೆ ಬಳಸುವ ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕದ (ಜಿಐ) ಮನ್ನಣೆ ಸಿಕ್ಕಿದೆ; ಆ ಬೆಳೆ ಮಣ್ಣಿಗೆ ಸಾರಜನಕವನ್ನೂ ಕೂಡಿಸುತ್ತದೆ. ಇನ್ನು ರೊಟ್ಟಿ ಆಗುವ ಬಗೆ. ಕುದಿಯುವ ನೀರು ಹಾಕಿ ನಾದಿದ ಹಿಟ್ಟನ್ನು ಅಂಗೈಯಲ್ಲಿ ಬಡಿದು, ಹೆಂಚಿಗೆ ಹಾಕಿ, ಮೇಲ್ಮೈಗೆ ಒದ್ದೆ ಬಟ್ಟೆಯಿಂದ ನೀರು ಸವರಿ, ತಿರುವಿ, ಕೆಂಡಕ್ಕೆ ಒಡ್ಡಿದರೆ ಬಿಸಿ ರೊಟ್ಟಿ. ಅದನ್ನೇ ಒಲೆಯ ಮಗ್ಗುಲಿಗೆ ಆನಿಸಿ ಪೂರ್ತಿ ಒಣಗಿಸಿದರೆ ಖಡಕ್ ರೊಟ್ಟಿ. ತೇವ ಹೋದ ಈ ರೊಟ್ಟಿ ಫ್ರಿಜ್ ಇಲ್ಲದೆ, ಕರೆಂಟ್ ಇಲ್ಲದೆ ವಾರಗಟ್ಟಲೆ ಕೆಡುವುದಿಲ್ಲ. ಹೋಟೆಲಿನವನಿಗೆ ಇದು ಸಣ್ಣ ಮಾತಲ್ಲ. ಹುಣ್ಣಿಮೆಗೆ ನೂರು ಜನ ಬಂದು ಮರುದಿನ ಹತ್ತೇ ಜನ ಬರುವ ಊರಿನಲ್ಲಿ ಅನ್ನ ಹಳಸುತ್ತದೆ, ಇಡ್ಲಿ ಹಿಟ್ಟು ಹುಳಿಯಾಗುತ್ತದೆ, ಖಡಕ್ ರೊಟ್ಟಿ ಮಾತ್ರ ಬುಟ್ಟಿಯಲ್ಲಿ ಸುಮ್ಮನೆ ಕಾಯುತ್ತದೆ. ಶೇಂಗಾ ಹಿಂಡಿಯದೂ ಅದೇ ಗುಣ. ಆಹಾರ ಹಾಳಾಗದಂತೆ ನೋಡಿಕೊಳ್ಳಲು ನಗರದ ದೊಡ್ಡ ಹೋಟೆಲುಗಳು ಏನೇನೋ ಸಾಹಸ ಪಡುತ್ತವೆ. ನಮ್ಮ ಅಜ್ಜಿಯರು ಅದನ್ನು ಅಡುಗೆಯಲ್ಲೇ ಬಗೆಹರಿಸಿದ್ದರು. ಇದರ ಮುಂದೆ ಯಾವ ಹಸಿರು ಪ್ರಮಾಣಪತ್ರವೂ ನನಗೆ ದೊಡ್ಡದಾಗಿ ಕಾಣುವುದಿಲ್ಲ.

ಮನೆಯ ಲೆಕ್ಕವೂ ಹೀಗೆಯೇ. ಶಹಾಬಾದ್, ಚಿತ್ತಾಪುರ, ಸೇಡಂ ಕಡೆಯ ಪರಸಿ ಕಲ್ಲು ಇಲ್ಲಿ ಕೈಗೆಟಕುವ ಸಾಮಗ್ರಿ. ದಪ್ಪ ಗೋಡೆ, ಮಣ್ಣಿನ ಮಾಳಿಗೆಯ ಹಳೆಯ ಮನೆಗಳು ಹಗಲಿನ ಕಾವನ್ನು ಥಟ್ಟನೆ ಒಳಗೆ ಬಿಡುವುದಿಲ್ಲ. ಅದನ್ನು ಬಿಟ್ಟು ತೆಳು ಗೋಡೆ, ಕಾಂಕ್ರೀಟ್ ಛಾವಣಿ, ಗಾಜಿನ ಮುಂಭಾಗ ಕಟ್ಟಿ, ಆಮೇಲೆ ಎಸಿ ಹಾಕಿ ಜೆಸ್ಕಾಂನ ಕರೆಂಟ್ ಬಿಲ್ಲಿಗೆ ಬೆಚ್ಚುವುದು ಯಾವ ನ್ಯಾಯ? ಗಿರಾಕಿ ಎಸಿ ಕೇಳುತ್ತಾನಲ್ಲ ಎನ್ನುವುದು ಮಾಲೀಕರ ಆಕ್ಷೇಪ. ಅದು ನಿಜ, ಈ ಬಿಸಿಲಿನಲ್ಲಿ ಕೇಳುವುದು ತಪ್ಪೂ ಅಲ್ಲ. ಆದರೆ ಎಲ್ಲ ಕೋಣೆಗೂ ಅದು ಬೇಕಿಲ್ಲ. ಇರುವಲ್ಲಿ 24 ಡಿಗ್ರಿಗೆ ನಿಲ್ಲಿಸಿದರೆ ಸಾಕು. ಉಷ್ಣಾಂಶ ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ವಿದ್ಯುತ್ ಉಳಿಯುತ್ತದೆ ಎಂದು ಇಂಧನ ದಕ್ಷತಾ ಬ್ಯೂರೋ ಹೇಳುತ್ತದೆ. ಸುಡುವ ಅದೇ ಬಿಸಿಲು ಸೋಲಾರ್ ಹೀಟರಿನಲ್ಲಿ ಪುಕ್ಕಟೆಯಾಗಿ ಸ್ನಾನದ ನೀರನ್ನೂ ಕಾಯಿಸುತ್ತದೆ.

ನೀರಿನ ವಿಷಯಕ್ಕೆ ಬಂದರೆ ಮಾತ್ರ ಹಳೆಯ ಪದ್ಧತಿಯೊಂದೇ ಸಾಲದು. ಲಾಡ್ಜಿನ ಒಂದು ಹಾಸಿಗೆಗೆ ದಿನಕ್ಕೆ 180 ಲೀಟರ್ ಎಂಬುದು ರಾಷ್ಟ್ರೀಯ ಕಟ್ಟಡ ಸಂಹಿತೆಯ ಅಂದಾಜು. ಇಪ್ಪತ್ತು ಹಾಸಿಗೆಗೆ 3,600 ಲೀಟರ್ ಆಯಿತು. ಬೋರಿನ ಮೇಲೆ ಇಷ್ಟು ಭಾರ ಹೊರಿಸುವ ಬದಲು ಬಕೆಟ್-ತಂಬಿಗೆಯ ಸ್ನಾನ, ಸ್ನಾನದ ನೀರನ್ನು ಸೋಸಿ ಬಾಳೆ, ನುಗ್ಗೆಗೆ ಹರಿಸುವ ಗುಂಡಿ, ಛಾವಣಿಯ ಮಳೆನೀರಿನ ತೊಟ್ಟಿ ಇವು ಮೂರೂ ಇರಲಿ. 200 ಚದರ ಮೀಟರ್ ಛಾವಣಿಯ ಮೇಲೆ ವರ್ಷಕ್ಕೆ 700 ಮಿಲಿಮೀಟರ್ ಮಳೆ ಬಿದ್ದರೆ 1.4 ಲಕ್ಷ ಲೀಟರ್. ಸೋರಿ ಹೋದದ್ದನ್ನು ಕಳೆದರೂ ಒಂದು ಲಕ್ಷ ಉಳಿದೀತು. ಆ ಲಾಡ್ಜಿನ ಸುಮಾರು ಒಂದು ತಿಂಗಳ ಖರ್ಚು ಅದು. ವರ್ಷದ ಕೊರತೆ ಇದರಿಂದ ತೀರದು, ಏಪ್ರಿಲ್-ಮೇ ಟ್ಯಾಂಕರ್ ಕಾಟ ಮಾತ್ರ ತಗ್ಗುತ್ತದೆ. ಕೊಳಚೆಯನ್ನು ಸೀದಾ ಹಳ್ಳಕ್ಕೆ ಬಿಟ್ಟರೆ ಅದು ಭೀಮೆಗೇ ಸೇರುತ್ತದೆ. ಭಕ್ತರು ಮುಳುಗು ಹಾಕುವುದು ಅದೇ ನೀರಿನಲ್ಲಿ. 2020ರ ಅಕ್ಟೋಬರಿನ ಮಹಾಪೂರ ಕಂಡ ಈ ತೀರದಲ್ಲಿ ಶೌಚಗುಂಡಿಯನ್ನು ಎತ್ತರದಲ್ಲಿ, ಹೊಳೆಗೆ ದೂರ ಕಟ್ಟುವುದು ಕಡ್ಡಾಯವಾಗಬೇಕು.

ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಹಳೆಯ ಖಾನಾವಳಿಯನ್ನು ಹೊಗಳುವುದೆಂದರೆ ಹೊಗೆಯಲ್ಲಿ ಕೂತು ರೊಟ್ಟಿ ಬಡಿಯುವ ಹೆಣ್ಣುಮಕ್ಕಳ ಕಷ್ಟವನ್ನೂ ಹೊಗಳಿದಂತಲ್ಲವೇ? ಈ ಮಾತು ಒಪ್ಪಲೇಬೇಕು. ಕಟ್ಟಿಗೆ ಒಲೆ ಮರಕ್ಕೂ ಎದೆಗೂ ಕೇಡು. ಗೋಬರ್ ಗ್ಯಾಸ್, ಸಿಲಿಂಡರ್, ಕನಿಷ್ಠ ಪಕ್ಷ ಹೊಗೆ ಹೊರಹಾಕುವ ಒಲೆ ಬೇಕು. ಕೈಗೆ ತಕ್ಕ ಕೂಲಿಯೂ ಬೇಕು. ಜಿಲ್ಲಾಡಳಿತ ಮಹಿಳಾ ಸಂಘಗಳನ್ನು ಕೂಡಿಸಿ ‘ಕಲಬುರಗಿ ರೊಟ್ಟಿ’ ಹೆಸರಿನಲ್ಲಿ ಮಾರುಕಟ್ಟೆ ಒದಗಿಸಿರುವುದು ಈ ದಾರಿಯ ಒಳ್ಳೆಯ ಹೆಜ್ಜೆ. ಲಾಡ್ಜುಗಳು ರೊಟ್ಟಿಯನ್ನು ಇಂಥ ಸಂಘಗಳಿಂದಲೇ ಕೊಂಡರೆ ಹಣ ಊರಲ್ಲೇ ಉಳಿಯುತ್ತದೆ.

ಒಂದು ಲಾಡ್ಜಿನಿಂದ ಭೀಮೆ ಶುದ್ಧವಾಗದು ಎನ್ನುವವರಿದ್ದಾರೆ. ಒಂದರಿಂದ ಆಗದು, ನಿಜ. ಆದರೆ ಇಂದು ಗಾಣಗಾಪುರದಲ್ಲಿ, ನಾಳೆ ತೀರದ ಇನ್ನೊಂದು ಹಳ್ಳಿಯಲ್ಲಿ ಕೋಣೆ ಕಟ್ಟುವವರೆಲ್ಲ ಮೊದಲೇ ಈ ಲೆಕ್ಕ ಹಾಕಿದರೆ ಖಂಡಿತ ಫಲವಿದೆ. ಉಳಿಯಲು ಹೋಗುವವರ ಕೈಯಲ್ಲೂ ಕೆಲಸವಿದೆ: ಬಾಟಲಿ ನೀರು ಬಿಟ್ಟು ತಂಬಿಗೆ ನೀರು ಕೇಳಿ, ಚಾದರವನ್ನು ದಿನಾ ಬದಲಿಸಬೇಡಿ ಎನ್ನಿ, ಊಟಕ್ಕೆ ರೊಟ್ಟಿ, ಪುಂಡಿ ಪಲ್ಯ ಕೇಳಿ. ಗಿರಾಕಿ ಕೇಳಿದ್ದನ್ನು ಇಡದ ಹೋಟೆಲಿಲ್ಲ.